ಎಸ್ತರಮ್ಮನ ತೌಡು

ನನ್ನನ್ನು ಹುಟ್ಟಿದ ವಾರದೊಳಗೇ ಒಂದು ಡಬ್ಬ ಮುಸುಕಿನ ಜೋಳದ ತೌಡಿಗೆ ಮಾರಿದರು. ಮಾರಿದವಳು ನನ್ನ ಅವ್ವ ಕೆಂಪಲಕ್ಷ್ಮಮ್ಮ. ಕೊಂಡವಳು ಪಕ್ಕದ ಮನೆಯ ಎಸ್ತರ್. ಇದು ನಡೆದದ್ದು ನಮ್ಮ ಅರಸೀಕೆರೆಯಲ್ಲೂ ಅಲ್ಲ, ಅವ್ವನ ತವರು ಹುಲಿಕೆರೆಯಲ್ಲೂ ಅಲ್ಲ. ಆಫ್ರಿಕಾದ ಜಾಂಬಿಯಾ ದೇಶದಲ್ಲಿ, ಕಬ್ವೆ ಎಂಬ ಊರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಕೇಳಿದವರೆಲ್ಲ ಮೊದಲು ನಗುತ್ತಾರೆ. ನಕ್ಕು ಮುಗಿದ ಮೇಲೆ, "ಹಂಗಾದ್ರೆ ನೀನು ಯಾವ ದೇಶದೋಳು?" ಅನ್ನುತ್ತಾರೆ. ಮೊದಮೊದಲು ನಾನೂ ಅವರ ಜೊತೆ ನಗುತ್ತಿದ್ದೆ. ಈಗ ಯಾರಾದರೂ ನಕ್ಕರೆ ಮೈಯೆಲ್ಲ ಉರಿಯುತ್ತದೆ.

ಹಳೇಬೀಡಿನ ಸುತ್ತಿನವರಿಗೆ ಈ ಮಾರಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ತೀರಿಹೋದರೆ ಮುಂದಿನದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಡುತ್ತಾರೆ. ಮೊದಲೇ ಹೇಳಿಟ್ಟ ಹೆಂಗಸೊಬ್ಬಳು ಬಂದು ತೌಡು ಕೊಟ್ಟು ಕೂಸನ್ನು ಎತ್ತಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಅದು ಅವಳ ಕೂಸು. ಹೆತ್ತವಳು ಹಾಲು ಕುಡಿಸಬಹುದು, ಎಣ್ಣೆ ನೀರು ಹಾಕಬಹುದು, ಆದರೆ 'ನನ್ನ ಮಗು' ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಯಮ ಹುಡುಕಿಕೊಂಡು ಬಂದರೆ ಈ ಮನೆಯಲ್ಲಿ ಕೂಸೇ ಇಲ್ಲವೆಂದು ಹಿಂದಿರುಗಬೇಕು, ಅದಕ್ಕೆ. ಮಗು ದೊಡ್ಡದಾದ ಮೇಲೆ, ಮದುವೆಗೆ ಮುಂಚೆ, ಅಷ್ಟೇ ತೌಡನ್ನು ಕೊಂಡವಳಿಗೆ ವಾಪಸು ಕೊಟ್ಟು ಬಿಡಿಸಿಕೊಳ್ಳುತ್ತಾರೆ. ನಮ್ಮ ಕಡೆ ತಿಪ್ಪಯ್ಯ, ಹುಚ್ಚಣ್ಣ ಎಂಬ ಹೆಸರಿನವರಲ್ಲಿ ಎಷ್ಟೋ ಜನ ಹೀಗೆ ಯಮನ ಕಣ್ಣಿಗೆ ಮಣ್ಣೆರಚಿ ಬದುಕಿದವರೇ.

ಅವ್ವನಿಗೆ ಅರಸೀಕೆರೆಯಲ್ಲಿ ಎರಡು ಕೂಸು ಹೋಗಿದ್ದವು. ಅಪ್ಪ ನಟರಾಜ್ ಇಲ್ಲಿನ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಎಂಬತ್ತರ ದಶಕದ ಶುರುವಿನಲ್ಲಿ ಜಾಂಬಿಯಾದ ರೈಲ್ವೆಗೆ ಇಲ್ಲಿಂದ ಕೆಲಸಗಾರರನ್ನು ಕಳಿಸಿದಾಗ ಅಪ್ಪನೂ ಹೊರಟರು, ಐದು ತಿಂಗಳ ಬಸುರಿ ಹೆಂಡತಿಯನ್ನು ಕರೆದುಕೊಂಡು. ಹೊರಡುವ ದಿನ ಅಜ್ಜಿ ಹನುಮಮ್ಮ ಒಂದು ಹೊಸ ಮೊರವನ್ನು ಗೋಣಿಯಲ್ಲಿ ಸುತ್ತಿ ಸಾಮಾನಿನ ಜೊತೆ ಬಿಗಿದು ಕಟ್ಟಿದಳಂತೆ. ವಿಮಾನದಲ್ಲಿ ಮೊರ ಒಯ್ದ ಹೆಂಗಸು ಬಹುಶಃ ನಮ್ಮವ್ವ ಒಬ್ಬಳೇ ಇರಬೇಕು.

ಅಪ್ಪ ಬೌದ್ಧರು. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಬಾಯಲ್ಲಿ ಸದಾ ಮೂಢನಂಬಿಕೆ ಬಿಡಿ ಅನ್ನುವ ಮಾತು. ಕಣಿ ಕೇಳಲು ಹೋದ ಸಹೋದ್ಯೋಗಿಯನ್ನು ಅರ್ಧ ದಾರಿಯಿಂದ ವಾಪಸು ಕರೆತಂದ ಮನುಷ್ಯ. ಆದರೆ ಎರಡು ಕೂಸುಗಳನ್ನು ತನ್ನ ಕೈಯಾರೆ ಮಣ್ಣು ಮಾಡಿ ಬಂದ ಗಂಡಸು ಹೆಂಡತಿಯ ಮುಂದೆ ಎಷ್ಟು ಅಂತ ಭಾಷಣ ಮಾಡಿಯಾನು? ಸುಮ್ಮನಾದರು. ಕಬ್ವೆಯ ಕ್ವಾರ್ಟರ್ಸಿನಲ್ಲಿ ತಿಪ್ಪೆ ಇರಲಿಲ್ಲ, ಹಳೇ ಎಂಜಿನ್ನುಗಳ ಬೂದಿಗುಡ್ಡೆ ಇತ್ತು. ಅವ್ವ ನನ್ನನ್ನು ಮೊರದಲ್ಲಿ ಮಲಗಿಸಿ ಅದರ ಮೇಲಿಟ್ಟಳು. ಮನೆಯಲ್ಲೇ ಹೆರಿಗೆ ಮಾಡಿಸಿದ್ದ ಎಸ್ತರ್ ತೌಡಿನ ಡಬ್ಬ ಹಿಡಿದು ಬಂದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದಿದ್ದರೂ ಇದೊಂದು ಇಬ್ಬರಿಗೂ ಅರ್ಥವಾಗಿತ್ತಂತೆ. ಎಸ್ತರಳೂ ಒಂದು ಕೂಸು ಕಳಕೊಂಡವಳು.

ಇಲ್ಲಿಗೇ ನಿಂತಿದ್ದರೆ ನನ್ನ ಬದುಕು ನೆಟ್ಟಗಿರುತ್ತಿತ್ತು. ಅವ್ವ ನಿಲ್ಲಿಸಲಿಲ್ಲ. ಅಪ್ಪ ಹುಟ್ಟು ಬರೆಸಲು ಕಚೇರಿಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತಳು.

"ಬೂದಿ ಮ್ಯಾಲೆ ಮಾರಿ, ಪುಸ್ತಕದಾಗೆ ನಮ್ಮೆಸ್ರೇ ಬರೆಸಿದ್ರೆ ಏನ್ ಬಂತು? ಯಮ ಕಣ್ಣಲ್ಲಿ ನೋಡಿ ಹೋಯ್ತಾನೆ. ಚಿತ್ರಗುಪ್ತ ಹಂಗಲ್ಲ, ಅವ್ನು ಬರೆದಿದ್ದನ್ನ ಓದ್ತಾನೆ."

ಎಂಥ ತಲೆ ನೋಡಿ! ಅಪ್ಪ ಹಣೆ ಚಚ್ಚಿಕೊಂಡರು. ಆಮೇಲೆ ಎಸ್ತರಳ ಗಂಡ ಜೋಸೆಫನನ್ನು ಕರೆದುಕೊಂಡು ಹೋಗಿ, ಹೆಣ್ಣು ಮಗು, ಹೆಸರು 'ಇಂದು', ತಂದೆ ಜೋಸೆಫ್, ತಾಯಿ ಎಸ್ತರ್ ಎಂದು ಬರೆಸಿ ಬಂದರು. ಚಿತ್ರಗುಪ್ತ ಮೋಸ ಹೋದ. ಅವನ ಜೊತೆಗೆ ಎರಡು ದೇಶದ ಸರ್ಕಾರಗಳೂ ಮೋಸ ಹೋದವು.

ಅಪ್ಪನ ಕೆಲಸದ ಅವಧಿ ಮುಗಿದು ಊರಿಗೆ ಹೊರಟಾಗ ಈ ಮಗು ನಿಮ್ಮದಲ್ಲ, ಕರೆದೊಯ್ಯುವಂತಿಲ್ಲ ಎಂದರು ಅಲ್ಲಿನ ಅಧಿಕಾರಿಗಳು. ನಿಜ ಹೇಳಿದರೆ ಸುಳ್ಳು ದಾಖಲೆ ಕೊಟ್ಟ ತಪ್ಪಿಗೆ ಜೋಸೆಫ್ ಸಿಕ್ಕಿಹಾಕಿಕೊಳ್ಳುತ್ತಿದ್ದ. ಹಾಗಾಗಿ ಅಪ್ಪ ತಾನೇ ಹುಟ್ಟಿಸಿದ ಮಗಳನ್ನು ಅಲ್ಲಿನ ಕೋರ್ಟಿನಲ್ಲಿ ಜೋಸೆಫನಿಂದ ದತ್ತು ತೆಗೆದುಕೊಂಡರು. ಎಸ್ತರ್ ಸ್ಟೇಷನ್ನಿಗೆ ಬಂದು ಅತ್ತಳಂತೆ. ಆಗಲೂ ಅವ್ವ ತೌಡು ವಾಪಸು ಕೊಡಲಿಲ್ಲ. ಗಂಡಾಂತರದ ವಯಸ್ಸು ಕಳೆದಿಲ್ಲ, ಈಗಲೇ ಬಿಡಿಸಿಕೊಂಡರೆ ದಾರಿಯಲ್ಲಿ ಏನಾದರೂ ಆದೀತು ಎಂಬ ಭಯ. ಬಂದ ಮೇಲೆ ಅಪ್ಪ ಬರೆದ ಕಾಗದಗಳಿಗೆ ಕಬ್ವೆಯಿಂದ ಉತ್ತರವೇ ಬರಲಿಲ್ಲ. ಹೀಗೆ ನಾನು ಬಿಡಿಸಿಕೊಳ್ಳದ ಒಡವೆಯಾಗಿ ಅರಸೀಕೆರೆಯಲ್ಲಿ ಬೆಳೆದೆ.

ಅವ್ವ ನನ್ನನ್ನು ಚೆನ್ನಾಗಿ ಸಾಕಿದಳು, ಅದರಲ್ಲಿ ಎರಡು ಮಾತಿಲ್ಲ. ತಲೆ ಬಾಚಿ ಬಿಗಿಯಾಗಿ ಜಡೆ ಹಾಕುವಳು, ಮೀನು ಮಾಡಿದ ದಿನ ಮುಳ್ಳು ಬಿಡಿಸಿ ತಟ್ಟೆಗೆ ಹಾಕುವಳು. ಆದರೆ 'ನನ್ನ ಮಗಳು' ಎಂಬ ಮಾತು ಅವಳ ಬಾಯಿಂದ ಬೀಳಲೇ ಇಲ್ಲ. ನಾಲ್ಕನೇ ಕ್ಲಾಸಿನಲ್ಲಿ ನನಗೆ ಜ್ವರ ಬಂದಾಗ ಸ್ಕೂಲಿಗೆ ಓಡಿ ಬಂದು ಹೆಡ್ಮಾಸ್ಟರ ಮುಂದೆ, "ಎಸ್ತರಮ್ಮನ ಮಗಳನ್ನ ಕಳ್ಸಿ ಸಾ" ಎಂದಳು. ಇಡೀ ಕ್ಲಾಸು ಗೊಳ್ಳೆಂದಿತು. ಮಾರಾಟದ ಕತೆಯೆಲ್ಲ ಹೊರಬಿದ್ದು ಆವತ್ತಿನಿಂದ ನನ್ನ ಹೆಸರು ತೌಡಮ್ಮ. ಮನೆಗೆ ಬಂದು ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡು, ಒಂದು ಸಲ ಹೇಳವ್ವಾ, ಯಾರಿಗೂ ಕೇಳದಂಗೆ ಕಿವೀಲಿ ಹೇಳು ಎಂದು ಗೋಗರೆದೆ. ಅವಳು ಒದ್ದೆ ಬಟ್ಟೆಯನ್ನು ಹಣೆಗೆ ಒತ್ತುತ್ತಲೇ ಇದ್ದಳು. ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅಪ್ಪ ಎರಡು ಸಾವಿರದ ಒಂದರಲ್ಲಿ ಹೋದರು. ಇಷ್ಟೆಲ್ಲ ಸುಳ್ಳು ಬರೆಸಿದ ಮನುಷ್ಯ ಆಮೇಲೆ ಸತ್ಯಹರಿಶ್ಚಂದ್ರನಾಗಿ, ಸ್ಕೂಲಿಗೆ ಸೇರಿಸುವಾಗ ಹುಟ್ಟಿದ ಊರು ಕಬ್ವೆ ಎಂದು ಇದ್ದದ್ದನ್ನು ಇದ್ದ ಹಾಗೇ ಕೊಟ್ಟಿದ್ದರು. ಅರಸೀಕೆರೆ ಎಂದು ಒಂದು ಮಾತು ಬರೆಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಸುಳ್ಳು ಹೇಳಬಾರದಿದ್ದ ಕಡೆ ಹೇಳಿ, ಹೇಳಬೇಕಾದ ಕಡೆ ಬಿಟ್ಟರು.

ಎರಡು ಸಾವಿರದ ಐದರಲ್ಲಿ ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯ ಕೆಲಸಕ್ಕೆ ಆಯ್ಕೆಯಾದೆ. ಬೇಲೂರು ಕಡೆಯ ಹಗರೆ ಹತ್ತಿರದ ಶಾಲೆ. ಆದೇಶ ಕೈಗೆ ಬರುವ ಮೊದಲೇ ತಡೆಯಲಾಗದೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ, ಹಳೇಬೀಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ನೋಡಿಕೊಂಡು ಬಂದೆ. ಹೆಡ್‌ಮಿಸ್ ವೆಂಕಟಲಕ್ಷ್ಮಮ್ಮ ನನ್ನ ಕೈ ಹಿಡಿದುಕೊಂಡು, "ಎರಡನೇ ಕ್ಲಾಸಿಗೆ ಟೀಚರೇ ಇಲ್ಲ ಕಣ್ರೀ, ಬೇಗ ಬಂದುಬಿಡಿ" ಎಂದರು. ಮಕ್ಕಳು ಕಿಟಕಿಗೆ ಜೋತು ಬಿದ್ದು, "ಹೊಸಾ ಮಿಸ್ಸು, ಹೊಸಾ ಮಿಸ್ಸು" ಎಂದು ಕೂಗಿದವು. ಡೇರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸರು ನಿಂತು ನೋಡಿದರು. ಆ ಶಾಲೆಯ ಹಿಂದೆ ಒಂದು ಕೋಣೆಯ ಬಾಡಿಗೆ ಮನೆಯನ್ನೂ ನಾನು ಮಾತಾಡಿ ಬಂದಿದ್ದೆ.

ಹುಟ್ಟಿದ ಊರು ಕಬ್ವೆ ಎಂದು ಕಂಡು ಅಲ್ಲಿನ ಹುಟ್ಟಿನ ಕಾಗದ ತರಿಸಿಕೊಂಡರು. ಆದೇಶದ ಬದಲು ಬಂದದ್ದು ಒಂದು ಪ್ರಶ್ನೆ. ಅಭ್ಯರ್ಥಿ ಹುಟ್ಟಿದ್ದು ಹೊರದೇಶದಲ್ಲಿ, ತಂದೆ ತಾಯಿ ಹೊರದೇಶದವರು. ಭಾರತದ ಪ್ರಜೆ ಎಂಬುದಕ್ಕೆ ಆಧಾರವೇನು? ಆಗಸ್ಟ್ ಮುಗಿಯುವುದರೊಳಗೆ ತೋರಿಸಿ, ಇಲ್ಲದಿದ್ದರೆ ಜಾಗ ಮುಂದಿನವರಿಗೆ.

ವಿಚಾರಣೆಗೆ ಕೂತವರು ಅರಸೀಕೆರೆ ತಾಲ್ಲೂಕು ಕಚೇರಿಯ ಮರಿಯಣ್ಣ ಎಂಬ ಶಿರಸ್ತೇದಾರರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಕೂರಿಸಿ, ಕೊಬ್ಬರಿ ಮಾರ್ಕೆಟ್ಟಿನ ಗದ್ದಲಕ್ಕೆ ಕಿಟಕಿ ಮುಚ್ಚಿ, ನಿಧಾನವಾಗಿ ವಿವರಿಸಿದರು.

"ನೋಡಮ್ಮ, ಹೊರದೇಶದಲ್ಲಿ ಹುಟ್ಟಿದ್ರೂ ವಂಶದಿಂದ ಪ್ರಜೆ ಆಗಬಹುದು. ಹುಟ್ಟುವಾಗ ತಂದೆ ಭಾರತೀಯನಾಗಿರಬೇಕು. ನಿನ್ನ ಹುಟ್ಟಿನ ಕಾಗದದಲ್ಲಿ ತಂದೆ ಜೋಸೆಫ್."

"ಅದು ಸುಳ್ಳು ಸಾರ್. ನಮ್ಮಪ್ಪ ನಟರಾಜ್."

"ಅವರು ದತ್ತು ತಂದೆ. ದತ್ತು ಬಂದದ್ದು ಆಮೇಲೆ. ಕಾನೂನು ಕೇಳೋದು ಹುಟ್ಟಿದ ಹೊತ್ತಿನದು."

"ನಮ್ಮವ್ವ ಇದಾಳಲ್ಲ ಸಾರ್! ಹೆತ್ತವಳು. ರಕ್ತ ಪರೀಕ್ಷೆ ಮಾಡಿಸಿ."

ಮರಿಯಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. "ತೊಂಬತ್ತೆರಡಕ್ಕೆ ಮುಂಚೆ ಹುಟ್ಟಿದೋರಿಗೆ ವಂಶ ಅಂದ್ರೆ ತಂದೆಯದು ಮಾತ್ರ ಕಣಮ್ಮ. ತಾಯಿದು ಲೆಕ್ಕಕ್ಕಿಲ್ಲ. ಆಮೇಲೆ ಬದಲಾಯ್ತು. ನೀನು ಎಂಬತ್ತಮೂರು."

ಇದೇ ಊರಿನಲ್ಲಿದ್ದಾಳೆ ನನ್ನ ಅವ್ವ, ಬದುಕಿದ್ದಾಳೆ, ಈಗ ಮನೆಯಲ್ಲಿ ಹುರುಳಿ ಕೇರುತ್ತಿದ್ದಾಳೆ. ಅವಳು ಬೇಡ. ನಾಲ್ಕು ವರ್ಷದ ಹಿಂದೆ ಸುಟ್ಟುಬಂದ ಅಪ್ಪ ಬೇಕು. ರಕ್ತ ಹೋಲಿಸಿ ನೋಡಲು ಅಪ್ಪನಿಗೆ ಒಡಹುಟ್ಟಿದವರೂ ಇಲ್ಲ, ಅಜ್ಜ ಅಜ್ಜಿಯೂ ಈಗಿಲ್ಲ.

"ನಮ್ಮಪ್ಪನ ಫೋಟೋ ನೋಡಿ ಸಾರ್. ನನ್ನ ಮೂಗು ನೋಡಿ. ಜೋಸೆಫನ ಮಗಳಿಗೆ ಈ ಮೂಗು ಎಲ್ಲಿಂದ ಬರುತ್ತೆ?"

ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು. "ನಂಗೆ ಕಾಣುತ್ತಮ್ಮ. ಆದ್ರೆ ಮೂಗನ್ನ ಫೈಲಿಗೆ ಹಾಕೋಕಾಗಲ್ವಲ್ಲ," ಎಂದರು. "ಅವರು ಇಲ್ಲಿಂದ ಹೋಗುವಾಗ್ಲೇ ನಿಮ್ಮ ತಾಯಿ ಬಸುರಿ ಇದ್ರು ಅಂತ ಹೇಳೋರು ಇದ್ರೆ ಕರ್ಕೊಂಡು ಬಾ. ಬರೆದು ಮೇಲಕ್ಕೆ ಕಳಿಸಿ ನೋಡೋಣ."

ಹುಲಿಕೆರೆಗೆ ಹೋದೆ. ಅವ್ವನ ಅಕ್ಕ, ನನ್ನ ದೊಡ್ಡಮ್ಮ ಮಹದೇವಮ್ಮ, ಕೊಳದ ದಾರಿಯ ಮನೆಯಲ್ಲಿದ್ದಾಳೆ. ಬಸುರಿ ತಂಗಿಗೆ ಮಡಿಲು ತುಂಬಿ ಕಳಿಸಿದವಳೇ ಅವಳು. ಕೇಳಿದ್ದೇ ತಡ, ಹೊಸ ಸೀರೆ ಉಟ್ಟು ಹೊರಟಳು. ಬಸ್ಸಿನಲ್ಲಿ ಅವಳಿಗೆ ನೂರು ಸಲ ಹೇಳಿದೆ. "ದೊಡ್ಡವ್ವ, ಬಸುರಿ ಇದ್ಲು ಅಂತ ಮಾತ್ರ ಹೇಳು. ಬೇರೆ ಏನೂ ಬೇಡ."

"ನಂಗೇನ್ ಗೊತ್ತಾಗಾಕಿಲ್ವೇನೇ? ಸುಮ್ಕಿರು" ಎಂದಳು.

ಮರಿಯಣ್ಣನವರ ಮುಂದೆ ಕೂತು ಬಸುರಿಯ ವಿಷಯವನ್ನು ಅಂದವಾಗಿ ಹೇಳಿದಳು. ಯಾವ ತಿಂಗಳು, ಏನು ಬಯಕೆ, ಯಾವ ಸೀರೆ, ಎಲ್ಲ. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಮರಿಯಣ್ಣ ಸುಮ್ಮನೆ ಮಾತಿಗೆಂದು, "ಮತ್ತೆ ಹೆಸರು ಯಾಕಮ್ಮ ಬೇರೆಯವರದ್ದು ಬರೆಸಿದ್ರು?" ಎಂದರು.

"ಮಾರಿಬಿಟ್ಟಿದ್ರಲ್ಲ ಸ್ವಾಮಿ!" ದೊಡ್ಡಮ್ಮ ಹೆಮ್ಮೆಯಿಂದ ಹೇಳಿದಳು. "ಒಂದು ಡಬ್ಬ ತೌಡಿಗೆ. ನಮ್ಮ ತಂಗಿ ಶಾಸ್ತ್ರಾನ ಒಂಚೂರೂ ಬಿಟ್ಟೋಳಲ್ಲ. ಅದುಕ್ಕೇ ಈ ಹುಡ್ಗಿ ಉಳ್ಕೊಂಡಿರಾದು."

ಪಕ್ಕದ ಮೇಜಿನ ಗುಮಾಸ್ತ ಬರೆದುಕೊಂಡ. ಏನು ಬರೆದಿದ್ದಾನೆಂದು ಬಗ್ಗಿ ನೋಡಿದೆ. 'ಮಗುವನ್ನು ಹೊರದೇಶದ ದಂಪತಿಗೆ ಮಾರಾಟ ಮಾಡಿರುತ್ತಾರೆ.'

"ಮಾರಾಟ ಅಂತ ಬರೀಬೇಡಿ! ಅದು ಮಾರಾಟ ಅಲ್ಲ, ಶಾಸ್ತ್ರ!" ಎಂದು ಕೂಗಿದೆ.

"ಅವರೇ ಅಂದ್ರಲ್ಲ ಮೇಡಂ, ಮಾರಿದ್ವಿ ಅಂತ."

ದೊಡ್ಡಮ್ಮ ನನ್ನ ಕಡೆ ತಿರುಗಿ, "ಯಾಕೆ ಕಿರುಚ್ತೀಯೇ? ನಾನು ಸುಳ್ಳು ಯೋಳಿದ್ನಾ?" ಎಂದಳು. ಇಲ್ಲ, ಅವಳು ಸುಳ್ಳು ಹೇಳಿರಲಿಲ್ಲ. ಅವಳನ್ನು ಬಸ್ಸು ಹತ್ತಿಸಿ ಮುಖ ತಿರುಗಿಸಿಕೊಂಡು ನಿಂತೆ ನಾನು. ಪಾಪ, ಕಿಟಕಿಯಿಂದ ಕೈ ಬೀಸುತ್ತಲೇ ಹೋದಳು.

ಮರಿಯಣ್ಣ ನನ್ನನ್ನು ಮತ್ತೆ ಕರೆಸಿದರು. ಮಾರಾಟ ಎಂದು ಫೈಲಿಗೆ ಬಿದ್ದ ಮೇಲೆ ಈ ದಾರಿ ಮುಚ್ಚಿತು, ಇನ್ನೊಂದು ದಾರಿ ನೋಡೋಣ ಎಂದರು. ವಂಶದ ಮಾತೇ ಬೇಡ. ನಾನು ಹೊರದೇಶದ ದಂಪತಿಯ ಮಗಳು, ಭಾರತೀಯ ಕುಟುಂಬ ಕಾನೂನಿನಂತೆ ದತ್ತು ತಂದು ಸಾಕಿದೆ, ಎರಡು ದಶಕದಿಂದ ಇಲ್ಲೇ ಇದ್ದೇನೆ, ನನ್ನನ್ನು ಪ್ರಜೆಯಾಗಿ ನೋಂದಾಯಿಸಿಕೊಳ್ಳಿ ಎಂದು ಬರೆದುಕೊಡಬೇಕು. ದತ್ತು ತಾಯಿ ಬಂದು, ಈಕೆ ನಾನು ಹೆತ್ತವಳಲ್ಲ ಎಂದು ಒಂದು ಹೇಳಿಕೆ ಕೊಡಬೇಕು. ಅದನ್ನು ತಾವು ಒಳ್ಳೆಯ ಮಾತು ಸೇರಿಸಿ ಕಳಿಸಿದರೆ, ಕೆಲಸ ಕೊಡುವವರೂ ಸ್ವಲ್ಪ ಕಾಯಬಹುದು.

ಅಂದರೆ ಭಾರತದವಳಾಗಬೇಕಾದರೆ ಮೊದಲು ನಾನು ಭಾರತದವಳಲ್ಲ ಎಂದು ರುಜು ಹಾಕಬೇಕು. ಅಪ್ಪನ ಮೂಗು ಇಟ್ಟುಕೊಂಡು ಅಪ್ಪ ನನ್ನ ಅಪ್ಪನಲ್ಲ ಎನ್ನಬೇಕು. ಕಚೇರಿಯ ಮೆಟ್ಟಿಲ ಮೇಲೆ ಕೂತು ತುಂಬ ಹೊತ್ತು ಯಾರನ್ನು ಬೈಯಬೇಕೋ ತಿಳಿಯದೆ ಎಲ್ಲರನ್ನೂ ಬೈದೆ. ಆಮೇಲೆ ಹಗರೆಯ ಕಿಟಕಿಗೆ ಜೋತು ಬಿದ್ದಿದ್ದ ಮಕ್ಕಳು ನೆನಪಾದರು. ಆಗಸ್ಟ್ ಅರ್ಧ ಕಳೆದಿತ್ತು. ಒಳಗೆ ಹೋಗಿ, ಆಗಲಿ ಸಾರ್ ಎಂದೆ.

ಅವ್ವನದೇನೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ಜೀವಮಾನವಿಡೀ ಬಾಯಿಪಾಠ ಮಾಡಿಕೊಂಡು ಬಂದ ಮಾತು ತಾನೇ? ಯಮನಿಗೆ ಹೇಳಿದ್ದನ್ನೇ ಶಿರಸ್ತೇದಾರರಿಗೆ ಹೇಳಿದರಾಯಿತು. ಮನೆಗೆ ಬಂದು ಹೇಳಿದಾಗ ಅವಳು ಮೊರವನ್ನು ಕೆಳಗಿಟ್ಟಳು. ಅದೇ ಮೊರ, ಕಬ್ವೆಗೆ ಹೋಗಿ ಬಂದದ್ದು. ಅಂಚಿಗೆ ಎಷ್ಟು ಸಲ ಬಟ್ಟೆ ಹಚ್ಚಿ ಸಗಣಿ ಮೆತ್ತಿದ್ದಾಳೋ.

"ತೌಡು ವಾಪಸ್ ಕೊಡ್ಲಿಲ್ಲ ಕಣವ್ವ, ಅದುಕ್ಕೇ ಹಿಂಗಾಯ್ತಾ ಐತೆ" ಎಂದಳು.

"ತೌಡೂ ಇಲ್ಲ, ಮಣ್ಣೂ ಇಲ್ಲ! ನೀನು ಚಿತ್ರಗುಪ್ತ ಚಿತ್ರಗುಪ್ತ ಅಂತ ಕುಣಿದಿದ್ದಕ್ಕೆ ಹಿಂಗಾಯ್ತಾ ಐತೆ!" ನಾನು ಅರಚಿದೆ. "ಈಗ ಬಾಯಿ ಮುಚ್ಕೊಂಡು ಬಂದು ಹೆತ್ತಿದ್ದು ನಾನಲ್ಲ ಅಂತ ಹೇಳು. ನಿಂಗೇನು ಹೊಸದಾ? ದಿನಾ ಹೇಳಿದೀಯಲ್ಲ."

ಅವಳು ನನ್ನನ್ನೇ ನೋಡಿದಳು. "ಯೋಳ್ತೀನಿ ಬುಡು" ಎಂದಳು. ಅಷ್ಟು ಕಟುವಾಗಿ ಆಡಬಾರದಿತ್ತೇನೋ. ಆದರೆ ನನ್ನ ಸಿಟ್ಟನ್ನು ಬೇರೆ ಯಾರ ಮೇಲೆ ಸುರಿಯಲಿ?

ಹೇಳಿಕೆಯ ದಿನ ದಾರಿಯುದ್ದಕ್ಕೂ ಅಭ್ಯಾಸ ಮಾಡಿಸಿದೆ. ಆಟೋದಲ್ಲಿ ಕೂತು, "ಹೆತ್ತಿದ್ದು ನಾನಲ್ಲ, ಸಾಕಿದ್ದು ನಾನು" ಎಂದು ಅವಳು ತಪ್ಪಿಲ್ಲದೆ ಹೇಳಿದಳು. ಆಟೋದವನು ಕನ್ನಡಿಯಲ್ಲಿ ನೋಡಿದ. ಕಚೇರಿಯಲ್ಲಿ ಹೇಳಿಕೆ ಟೈಪಾಗಿ ಸಿದ್ಧವಿತ್ತು. ಮರಿಯಣ್ಣ ಅದನ್ನು ಗಟ್ಟಿಯಾಗಿ ಓದಿದರು. ಆಮೇಲೆ ನಿಯಮದಂತೆ ಕೇಳಿದರು.

"ಕೆಂಪಲಕ್ಷ್ಮಮ್ಮನೋರೆ, ಇಲ್ಲಿರೋ ಇಂದು ನೀವು ಹೆತ್ತ ಮಗಳಲ್ಲ. ಹೌದಾ?"

ಅವ್ವ ಟೈಪಾದ ಹಾಳೆಯನ್ನೇ ನೋಡಿದಳು. ನಾನು ಕಾಲಿನಿಂದ ಅವಳ ಕಾಲನ್ನು ಮುಟ್ಟಿದೆ.

"ಬರೀ ಹೌದು ಅಂದ್ರೆ ಸಾಕಮ್ಮ."

"ನೀವು ಇದನ್ನ ಬರ್ಕೊಂತೀರಾ ಸ್ವಾಮಿ?"

"ಹೂಂ, ಬರೆದಾಗಿದೆ. ರುಜು ಅಷ್ಟೇ."

"ಬರೆದ ಮ್ಯಾಲೆ ನಿಜ ಅಂದ್ಕೊಂತೀರಾ?"

ಮರಿಯಣ್ಣ ನನ್ನ ಮುಖ ನೋಡಿದರು. ಅವ್ವ ಸೆರಗನ್ನು ಹೊದ್ದು ನೆಟ್ಟಗೆ ಕೂತಳು.

"ಯಮನ ತಾವ ಯೋಳಿದ್ದೆ ಸ್ವಾಮಿ, ನಂದಲ್ಲ ಅಂತ. ಅವ್ನಿಗೂ ಗೊತ್ತಿತ್ತು ಸುಳ್ಳು ಅಂತ. ಎರಡು ಕೂಸು ತಗೊಂಡೋಗಿದ್ನಲ್ಲ, ಪಾಪ ಅನ್ನಿಸ್ತೇನೋ, ನಂಬಿದೋನಂಗೆ ಮಾಡಿ ಹೊಂಟೋದ. ನೀವು ಹಂಗಲ್ಲ. ನಿಜ ಅಂತ್ಲೇ ಬರ್ಕೊಂಡು ಮಡಿಕ್ಕೊಂತೀರ. ನಾ ಸತ್ತ ಮ್ಯಾಲೂ ಅದು ಹಂಗೇ ಇರ್ತೈತೆ." ಅವಳ ದನಿ ಏರಿತು. "ನಾನು ರುಜು ಹಾಕಾಕಿಲ್ಲ. ಇವ್ಳು ನನ್ನ ಮಗಳು. ನಾನು ಹೆತ್ತ ಮಗಳು. ಬರ್ಕೊಳ್ಳಿ."

ಗುಮಾಸ್ತನ ಕೈ ನಿಂತಿತು. ಹೊರಗೆ ಯಾವುದೋ ಗಾಡಿ ಜಂಕ್ಷನ್ನಿಗೆ ಬರುವ ಸಿಳ್ಳೆ ಕೇಳಿತು.

"ಬರ್ಕೊಳ್ಳಿ ಅಂದೆ" ಎಂದಳು ಅವ್ವ.

ಹೊರಗೆ ಕರೆತಂದು ನಾನು ಅವಳ ಮೇಲೆ ಹರಿಹಾಯ್ದೆ. "ಇವತ್ತೇ ಬೇಕಿತ್ತಾ ನಿಂಗೆ? ನಾಲ್ಕನೇ ಕ್ಲಾಸಲ್ಲಿ ಬೇಡ್ಕೊಂಡೆ, ಹೇಳಿದ್ಯಾ? ಇವತ್ತು, ಈ ಜಾಗದಲ್ಲಿ ಬೇಕಿತ್ತಾ? ನನ್ನ ಕೆಲಸ ಹೋಯ್ತು! ಗೊತ್ತಾಯ್ತಾ, ಹೋಯ್ತು!" ಸಿಟ್ಟು ನೆತ್ತಿಗೇರಿತ್ತು. ಅದರ ಅಡಿಯಲ್ಲೇ ಇನ್ನೊಂದು ಬಗೆಯ ಸಂತೋಷವೂ ನುಗ್ಗಿ ಬಂತು. ಇಪ್ಪತ್ತೆರಡು ವರ್ಷ ಕಾದ ಮಾತು. ಎರಡನ್ನೂ ಒಟ್ಟಿಗೆ ತಡೆದುಕೊಳ್ಳಲಾಗದೆ ಕಚೇರಿಯ ಕಾಂಪೌಂಡಿಗೆ ಒರಗಿ ಅತ್ತುಬಿಟ್ಟೆ.

ಅವ್ವನಿಗೆ ಬೇರೆಯದೇ ಹೆದರಿಕೆ. ಆಚೆ ಈಚೆ ನೋಡಿ ಮೂರು ಸಲ ಥೂ ಎಂದು ಉಗಿದಳು. "ಬಾಯಿಬಿಟ್ಟು ಅಂದುಬಿಟ್ಟೆ ಕಣವ್ವ. ತೌಡು ಕೊಡದೇನೇ ಅಂದುಬಿಟ್ಟೆ" ಎನ್ನುತ್ತ ನನ್ನ ಕೈ ಹಿಡಿದು ಎಳೆದುಕೊಂಡು ಹೊರಟಳು. ಸಂತೆ ಬೀದಿಯ ಮಿಲ್ಲಿನಲ್ಲಿ ನಿಂತು, ಅಕ್ಕಿ ತೌಡು ಬೇಡ, ಮುಸುಕಿನ ಜೋಳದ್ದೇ ಬೇಕೆಂದು ಹಠ ಮಾಡಿ ಒಂದು ಡಬ್ಬದಷ್ಟು ಕಟ್ಟಿಸಿಕೊಂಡಳು. ಎಸ್ತರ್ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ. ಬೀದಿಯಲ್ಲಿ ಯಾರೋ ಎಮ್ಮೆ ಕಟ್ಟಿದ್ದರು. ಅವ್ವ ನನ್ನ ದುಪಟ್ಟಾದ ತುದಿಯನ್ನು ಹಿಡಿಸಿ ಅದರಲ್ಲಿ ತೌಡು ಸುರಿದಳು. ನಾನು ಮೂಗು ಸೊರಗುಟ್ಟಿಸುತ್ತ ಹಿಡಿದು ನಿಂತೆ. ಎಮ್ಮೆ ತಿಂದಿತು.

"ಎಸ್ತರಮ್ಮಾ, ನಿನ್ನ ತೌಡು ನಿಂಗೆ ಬಂತು. ನನ್ನ ಮಗಳು ನಂಗೆ" ಎಂದಳು ಅವ್ವ, ಬೀದಿಗೆಲ್ಲ ಕೇಳುವ ಹಾಗೆ. ದುಪಟ್ಟಾದ ತುಂಬ ಎಮ್ಮೆಯ ಜೊಲ್ಲು.

ಆಗಸ್ಟ್ ಮುಗಿಯಿತು. ಹಗರೆಯ ಜಾಗಕ್ಕೆ ಪಟ್ಟಿಯಲ್ಲಿ ನನ್ನ ಹಿಂದಿದ್ದ ಹುಡುಗಿ ಹೋದಳು. ನಾನು ಅರಸೀಕೆರೆಯಲ್ಲೇ ಒಂದು ಖಾಸಗಿ ಶಾಲೆಗೆ ಸೇರಿದೆ. ಅಲ್ಲಿ ಯಾವ ದೇಶದವಳು ಎಂದು ಯಾರೂ ಕೇಳಲಿಲ್ಲ. ಅವ್ವ ಈಗ ಸೋಪು ಕೊಳ್ಳಲು ಅಂಗಡಿಗೆ ಹೋದರೂ, "ನನ್ನ ಮಗಳಿಗೆ ಕಣಪ್ಪ, ಘಮಗುಟ್ಟೋದು ಕೊಡು" ಎನ್ನುತ್ತಾಳೆ. ಬೇಕಾದ್ದಕ್ಕೂ ಬೇಡದ್ದಕ್ಕೂ ನನ್ನ ಮಗಳು, ನನ್ನ ಮಗಳು. ಒಮ್ಮೊಮ್ಮೆ ಸಾಕು ನಿಲ್ಲಿಸವ್ವ ಎನ್ನುವಷ್ಟು.

ದೀಪಾವಳಿ ಆದ ಮೇಲೆ ಮೇಲಿನಿಂದ ಆದೇಶ ಬಂತು. ಒಂದೇ ಪ್ಯಾರಾ. 'ಅರ್ಜಿದಾರಳು ದತ್ತು ಮಗಳೆಂಬ ಆಧಾರದ ಮೇಲೆ ನೋಂದಣಿ ಕೋರಿರುತ್ತಾಳೆ. ಆದರೆ ವಿಚಾರಣೆಯಲ್ಲಿ ಅರ್ಜಿದಾರಳ ತಾಯಿ ಕೆಂಪಲಕ್ಷ್ಮಮ್ಮ ಕೋಂ ಲೇಟ್ ನಟರಾಜ್ ಇವರು ತಾವೇ ಅರ್ಜಿದಾರಳನ್ನು ಹೆತ್ತಿರುವುದಾಗಿ ತಿಳಿಸಿರುತ್ತಾರೆ. ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.' ಕೆಳಗೆ ರುಜು, ನೀಲಿ ಮೊಹರು.

ಹರಿದು ಹಾಕಬೇಕೆಂದು ಕೈಗೆತ್ತಿಕೊಂಡವಳು ನಡುವಿನ ಸಾಲನ್ನು ಮತ್ತೆ ಓದಿದೆ. 'ಅರ್ಜಿದಾರಳ ತಾಯಿ ಕೆಂಪಲಕ್ಷ್ಮಮ್ಮ.' ದತ್ತು ತಾಯಿ ಎಂದಿಲ್ಲ, ಸಾಕು ತಾಯಿ ಎಂದಿಲ್ಲ. ಹಿಂದೆ ಯಾವ ಕಾಗದದಲ್ಲೂ ಯಾರೂ ಹೀಗೆ ಬರೆದಿರಲಿಲ್ಲ. ಅವ್ವನಿಗೆ ಓದಿ ಹೇಳಿದೆ. ಅವಳು ಅದನ್ನು ಇಸಕೊಂಡು, ಅಕ್ಷರ ಬಾರದಿದ್ದರೂ, ಮೊಹರಿನ ಮೇಲೆ ಬೆರಳಾಡಿಸಿದಳು.

ಮಾರನೇ ವಾರ ಹೊಸ ಅರ್ಜಿ ಬರೆದುಕೊಂಡು ಕಚೇರಿಗೆ ಹೋದೆ. ದತ್ತು ಗಿತ್ತು ಇಲ್ಲ, ವಂಶದಿಂದಲೇ ಪ್ರಜೆ ಎಂದು. ಮರಿಯಣ್ಣ ಅರ್ಜಿ ತಿರುವಿ, ಹಿಂದೆ ಪಿನ್ನು ಹಾಕಿದ್ದ ಕಾಗದ ನೋಡಿ ಹುಬ್ಬೇರಿಸಿದರು.

"ಇದೇನಮ್ಮ, ನಿನ್ನ ಅರ್ಜಿ ತಿರಸ್ಕಾರ ಮಾಡಿದ ಆದೇಶಾನೇ ಆಧಾರ ಅಂತ ಹಾಕಿದೀಯ?"

"ಓದಿ ಸಾರ್. ನಮ್ಮವ್ವ ಯಾರು ಅಂತ ಸರ್ಕಾರಾನೇ ಬರೆದುಕೊಟ್ಟಿದೆ."

ಅವರು ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು. "ಆದ್ರೆ ಕಾನೂನಿಗೆ ಬೇಕಾಗಿರೋದು ತಂದೆ ಅಲ್ವಾ?"

"ಗೊತ್ತು ಸಾರ್" ಎಂದೆ. "ಸ್ವೀಕೃತಿಗೆ ಸೀಲ್ ಹಾಕ್ಕೊಡಿ. ಅಪ್ಪನ ಹೆಸರನ್ನ ಮುಂದಿನ ತಿರಸ್ಕಾರದಲ್ಲಿ ಬರೆಸ್ಕೋತೀನಿ."